ಮಂಗಳವಾರದ ಸಾವುಗಳು

ಜನವರಿ 5, 1937, ಮಂಗಳವಾರ

ಇವತ್ತು ರೇಡಿಯೊದಲ್ಲಿ ನಾನು ಮೊದಲ ಸಲ ಸತ್ತೆ. ಸರಿಯಾಗಿ ಸಾಯಲಿಲ್ಲ.

‘ಕಪ್ಪು ಮೆಟ್ಟಿಲು’ ನಾಟಕಗಳನ್ನು ಶುರುವಿನಿಂದ ಟೈಪ್ ಮಾಡಿಕೊಂಡು ಬಂದವಳು ನಾನು. ಯಾವ ಪುಟದಲ್ಲಿ ಬಾಗಿಲು ಕಿರುಗುಟ್ಟುತ್ತದೆ, ಎಲ್ಲಿ ಹೆಂಗಸು ಕಿರುಚುತ್ತಾಳೆ ಎಂಬುದೆಲ್ಲ ನನ್ನ ಬೆರಳುಗಳಿಗೆ ಬಾಯಿಪಾಠ. ಆದರೆ ಕಿರುಚುತ್ತಿದ್ದವಳು ಅಕ್ಕ, ರೂಜೆನಾ. ಕ್ರಿಸ್‌ಮಸ್ಸಿಗೆ ಮುಂಚೆ ತಾಲೀಮಿನ ನಡುವೆ ಅವಳು ಕೆಮ್ಮಿದಳು. ಕೈಯಲ್ಲಿದ್ದ ಕರವಸ್ತ್ರ ಕೆಂಪಾಯಿತು. ಈಗ ಷಿಕಾಗೊದ ಹೊರಗಿರುವ ಕ್ಷಯರೋಗದ ಆಸ್ಪತ್ರೆಯಲ್ಲಿ ಮಲಗಿದ್ದಾಳೆ.

ನಿರ್ದೇಶಕ ಪೈಕ್ ಬೆಳಿಗ್ಗೆ ನನ್ನ ಟೈಪ್‌ರೈಟರಿನ ಪಕ್ಕ ಬಂದು ನಿಂತರು. “ಮಿಸ್ ಕೌಬೆಕ್, ಫೋನಲ್ಲಿ ನಿಮ್ಮ ದನಿ ಕೇಳಿದ್ರೆ ನಾನು ಪ್ರತಿಸಲ ನಿಮ್ಮಕ್ಕ ಅಂತಾನೇ ಮೋಸ ಹೋಗ್ತೀನಿ. ಕೇಳುಗರೂ ಮೋಸ ಹೋಗ್ಲಿ. ಎದ್ದು ಬನ್ನಿ.”

“ನನಗೆ ನಟನೆ ಬರಲ್ಲ ಸಾರ್.”

“ಓದೋಕೆ ಬರುತ್ತಲ್ಲ? ಅವಳು ವಾಸಿಯಾಗಿ ಬರೋವರೆಗೆ, ಅಷ್ಟೇ. ಆದರೆ ಹೊರಗೆ ಯಾರಿಗೂ ಗೊತ್ತಾಗಬಾರದು. ಕಂಪನಿಯೋರಿಗೆ ಆ ಹೆಸರು ಬೇಕು.”

ಆ ಹೆಸರು ಐರಿಸ್ ಮ್ಯಾಲರಿ. ರೂಜೆನಾ ಕೌಬೆಕ್ ಎಂಬ ನಮ್ಮ ಚೆಕ್ ಹೆಸರಿಗೆ ಇಲ್ಲಿ ಯಾರ ನಾಲಿಗೆಯೂ ಹೊರಳುವುದಿಲ್ಲ ಎಂದು ಅಕ್ಕನೇ ಇಟ್ಟುಕೊಂಡದ್ದು. ನೆಲದ ಪಾಲಿಶ್ ತಯಾರಿಸುವ ಕಂಪನಿ ದುಡ್ಡು ಕೊಟ್ಟು ನಮ್ಮ ನಾಟಕ ನಡೆಸುತ್ತದೆ. ಪ್ರತಿ ಮಂಗಳವಾರ ಎಂಟು ಗಂಟೆಗೆ ಕ್ರಾಂಡಲ್ ಎಂಬ ದಪ್ಪ ದನಿಯ ನಿವೇದಕ “ಇಂದು ನಿಮ್ಮ ಮುಂದೆ, ಐರಿಸ್ ಮ್ಯಾಲರಿ” ಎಂದು ಘಂಟೆ ಬಾರಿಸಿದ ಹಾಗೆ ಹೇಳುತ್ತಾನೆ. ಇವತ್ತೂ ಹೇಳಿದ. ಯಾರು ಬಂದರೋ ಎಂದು ನಾನೂ ಬಾಗಿಲ ಕಡೆ ನೋಡಿದೆ.

ಮೈಕು ಅಕ್ಕನ ಎತ್ತರಕ್ಕಿತ್ತು. ಒಂದು ಮರದ ಪೆಟ್ಟಿಗೆಯ ಮೇಲೆ ನಿಂತು ಸತ್ತೆ.

ಅಪ್ಪ ಎಂದಿನಂತೆ ಎಂಟಕ್ಕೆ ಮುಂಚೆಯೇ ಇಸ್ಪೀಟಾಡಲು ಹೋದನಂತೆ. ಅಕ್ಕ ಆ ಹೆಸರಿಟ್ಟುಕೊಂಡ ಮೇಲೆ ಅವನು ಒಂದು ನಾಟಕವನ್ನೂ ಕೇಳಿಲ್ಲ. ಯಾಕೆಂದು ಕೇಳಿದರೆ, “ಮ್ಯಾಲರಿ ಅನ್ನೋರು ನಮ್ಮನೇಲಿ ಯಾರೂ ಇಲ್ಲ” ಎನ್ನುತ್ತಾನೆ.

ಜನವರಿ 10, ಭಾನುವಾರ

ಟ್ರಾಮಿನ ಕೊನೆಯ ನಿಲ್ದಾಣದಲ್ಲಿಳಿದು ಹಿಮದಲ್ಲಿ ನಡೆದು ಹೋದೆ. ಈ ಚಳಿಯಲ್ಲೂ ರೋಗಿಗಳ ಮಂಚಗಳನ್ನು ತೆರೆದ ಪಡಸಾಲೆಯಲ್ಲಿ ಸಾಲಾಗಿ ಹಾಕಿದ್ದಾರೆ. ಗಾಳಿಯೇ ಔಷಧವಂತೆ. ಉಣ್ಣೆ ಟೋಪಿ, ರಾಶಿ ಕಂಬಳಿ, ನಡುವೆ ಅಕ್ಕನ ಮೂಗು ಮಾತ್ರ ಕಾಣುತ್ತಿತ್ತು.

“ಬಂದ್ಯಾ? ಬಾರೇ ಕೊಲೆಗಡುಕಿ.”

“ನಾನ್ಯಾರನ್ನ ಕೊಂದೆ?”

“ನನ್ನ ಹೆಸರನ್ನ! ಕೇಳಿದೆನಲ್ಲ ಮಂಗಳವಾರ. ಕತ್ತಿ ಹಿಡ್ಕೊಂಡು ಬಂದೋನಿಗೆ ಕಾಫಿ ಬೇಕಾ ಅಂತ ವಿಚಾರಿಸೋ ಥರ ಕಿರುಚ್ತೀಯಲ್ಲೇ ಹೆಡಾ.”

ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂತು. ಪ್ರತಿ ಮಂಚದ ತಲೆಗಂಬಿಗೂ ಒಂದೊಂದು ಕಿವಿ-ಫೋನು ನೇತುಹಾಕಿದ್ದಾರೆ. ಮಂಗಳವಾರ ಎಂಟಕ್ಕೆ ಇಡೀ ವಾರ್ಡು ಅಲುಗಾಡದೆ ಮಲಗಿ ನಮ್ಮ ನಾಟಕ ಕೇಳುತ್ತದಂತೆ.

“ಕಿರುಚೋದು ಗಂಟಲಿನ ಕೆಲಸ ಅಲ್ಲ ಕಣೇ,” ಎಂದಳು. “ಅದು ಯಾರನ್ನೋ ಕರೆಯೋದು. ಯಾರನ್ನ ಕರೀತಿದೀನಿ ಅಂತ ನಿನಗೆ ಗೊತ್ತಿರಬೇಕು. ಅವರು ಬರಲ್ಲ ಅಂತಾನೂ ಗೊತ್ತಿರಬೇಕು.”

“ನೀನು ಯಾರನ್ನ ಕರೀತಿದ್ದೆ?”

“ಅದನ್ನೂ ಹೇಳಿಬಿಟ್ರೆ ಆಮೇಲೆ ನನಗೆ ಕೆಲಸ ಯಾರು ಕೊಡ್ತಾರೆ?”

ನಾನು ತಂದ ಗಸಗಸೆ ತುಂಬಿದ ಕೊಲಾಚ್ ಬನ್ನಿನಲ್ಲಿ ಅರ್ಧ ತಿಂದಳು. ಉಳಿದರ್ಧ ಪಕ್ಕದ ಮಂಚದ ಮಿಸೆಸ್ ಮುಲ್ವೇನಿಗೆ ಕೊಟ್ಟಳು. ಅವರು ಐರಿಷ್ ಹೆಂಗಸು, ಮುಂಚೆ ಬಟ್ಟೆ ಒಗೆಯುವ ಅಂಗಡಿಯಲ್ಲಿದ್ದರಂತೆ. ಆ ಅಂಗಡಿಯ ಗದ್ದಲವನ್ನೆಲ್ಲ ದನಿಯಲ್ಲಿ ತುಂಬಿಕೊಂಡು ಬಂದಿದ್ದಾರೆ.

ವಸಂತಕ್ಕೆ ಮನೆಗೆ ಬರುತ್ತಾಳೆ ಎಂದು ನನಗೆ ಅನಿಸುತ್ತದೆ. ಕೆನ್ನೆಯಲ್ಲಿ ಒಳ್ಳೆ ಬಣ್ಣವಿದೆ.

ಜನವರಿ 26, ಮಂಗಳವಾರ

ಇವತ್ತು ನನ್ನನ್ನು ಗೋಡೆಯೊಳಗಿಟ್ಟು ಇಟ್ಟಿಗೆ ಕಟ್ಟಿದರು. ಕಿರುಚುವ ಮುಂಚೆ ಅಕ್ಕನ ಮಾತು ನೆನಪಾಯಿತು. ಅಕ್ಕನನ್ನೇ ಕರೆದೆ. ಗಾಜಿನ ಆಚೆ ಪೈಕ್ ಕುರ್ಚಿಯಿಂದ ಅರ್ಧ ಎದ್ದರು. ಸದ್ದಿನ ಮೇಜಿನ ಓಲಾಫ್ ಕೈಯಲ್ಲಿ ಕರಣೆ ಹಿಡಿದವನು ಹಾಗೇ ನಿಂತುಬಿಟ್ಟ. ಕೊನೆಯ ಇಟ್ಟಿಗೆಯ ಸದ್ದು ತಡವಾಗಿ ಬಂತು.

ಮುಗಿದ ಮೇಲೆ ನನಗೆ ವಿಪರೀತ ಹಸಿವಾಯಿತು.

ಅವಳು ಬರುವವರೆಗೆ ಜಾಗ ಕಾಯುವುದಷ್ಟೇ ನನ್ನ ಕೆಲಸ.

ಫೆಬ್ರವರಿ 7, ಭಾನುವಾರ

ರೋಗ ಅಕ್ಕನ ಗಂಟಲಿಗೂ ಹರಡಿದೆ. ಇನ್ನು ಮುಂದೆ ಒಂದು ಮಾತೂ ಆಡಕೂಡದು, ಪಿಸುಗುಟ್ಟಲೂಬಾರದು ಎಂದು ಡಾಕ್ಟರ ಆಜ್ಞೆ. ಕೈಗೊಂದು ಸ್ಲೇಟು ಕೊಟ್ಟಿದ್ದಾರೆ. ಮಾತಾಡದೆ ಇದ್ದರೆ ಗಂಟಲು ತಾನಾಗಿ ಮಾಯುತ್ತದಂತೆ.

ನಾನು ಹೋದಾಗ ವಾರ್ಡಿನಲ್ಲಿ ನಗೆ ಏಳುತ್ತಿತ್ತು. ಅಕ್ಕ ನಗುತ್ತಿರಲಿಲ್ಲ.

“ಬಾಮ್ಮ ತಂಗೀ, ನೀನೇ ನ್ಯಾಯ ಹೇಳು,” ಎಂದರು ಮಿಸೆಸ್ ಮುಲ್ವೇನಿ. “ನಿಮ್ಮಕ್ಕ ಸ್ಲೇಟಲ್ಲಿ ಬರೀತಾಳೆ, ನಾನೇ ಐರಿಸ್ ಮ್ಯಾಲರಿ ಅಂತ. ಐರಿಸ್ ಮ್ಯಾಲರಿ ಮಂಗಳವಾರ ಮಂಗಳವಾರ ನಮ್ಮ ಕಿವೀಲಿ ಪ್ರಾಣ ಬಿಡ್ತಾಳೆ, ಇವಳು ಅದೇ ಹೊತ್ತಲ್ಲಿ ಇಲ್ಲಿ ಹಾಲು ಕುಡೀತಾ ಇರ್ತಾಳೆ! ಇವಳು ಐರಿಸ್ ಆದ್ರೆ ನಾನು ಇಂಗ್ಲೆಂಡ್ ರಾಣಿ.”

ಎಲ್ಲ ಮಂಚಗಳೂ ಮತ್ತೆ ನಕ್ಕವು. ಅಕ್ಕ ಸ್ಲೇಟಿನಲ್ಲಿ ದೊಡ್ಡದಾಗಿ ಬರೆದು ನನಗೆ ತೋರಿಸಿದಳು: “ಹೇಳು.”

ನಾನು ಪೈಕ್‌ಗೆ ಮಾತು ಕೊಟ್ಟಿದ್ದೇನೆ. ವಾರ್ಡಿನಲ್ಲಿ ಅಷ್ಟು ಜನ; ಒಬ್ಬರು ಮನೆಯವರಿಗೆ ಹೇಳಿದರೂ ಸಾಕು, ಪತ್ರಿಕೆಯವರೆಗೆ ಹೋಗುತ್ತದೆ. ಆಗ ಕಂಪನಿ ಹೆಸರನ್ನೇ ಕೈಬಿಡುತ್ತದೆ. ಅಕ್ಕ ವಾಪಸು ಬಂದರೆ ಅವಳಿಗೇ ಜಾಗವಿರುವುದಿಲ್ಲ. ಇದನ್ನೆಲ್ಲ ಅವಳ ಒಳ್ಳೆಯದಕ್ಕೇ ಯೋಚಿಸಿದೆ. ಮಿಸೆಸ್ ಮುಲ್ವೇನಿಯ ಕಡೆ ತಿರುಗಿ ಸುಮ್ಮನೆ ನಕ್ಕೆ.

“ನೋಡಿದ್ರಾ! ಪಾಪ, ಅಕ್ಕನ ಮಾನ ಉಳಿಸ್ತಿದಾಳೆ ಹುಡುಗಿ,” ಎಂದರು ಅವರು.

ಅಕ್ಕ ಅಂಗೈಯಲ್ಲಿ ಸ್ಲೇಟು ಒರೆಸಿದಳು. ಹೊರಡುವವರೆಗೂ ಮತ್ತೇನೂ ಬರೆಯಲಿಲ್ಲ. ಹಿಮ ಬಿದ್ದ ಮರಗಳನ್ನೇ ನೋಡುತ್ತಿದ್ದಳು.

ದಣಿದಿದ್ದಳು ಎಂದು ಕಾಣುತ್ತದೆ.

ಫೆಬ್ರವರಿ 16, ಮಂಗಳವಾರ

ಇವತ್ತಿನದು ಇದುವರೆಗಿನದರಲ್ಲೆಲ್ಲ ಚೆನ್ನಾಗಿತ್ತು. ಹಾಗೆಂದು ನನಗೇ ಗೊತ್ತಾಯಿತು. ಕೆಟ್ಟುನಿಂತ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಹೆಂಗಸು. ಅವಳ ಜೊತೆ ಮತ್ಯಾರೋ ಉಸಿರಾಡುತ್ತಿರುತ್ತಾರೆ. ಅರ್ಧ ಗಂಟೆ ಬಹುಪಾಲು ನಾನೊಬ್ಬಳೇ. ಕೊನೆಗೆ ಸದ್ದೆಲ್ಲ ನಿಂತಾಗ ತಂಡದವರು ಮೈಕಿನೆದುರು ಚಪ್ಪಾಳೆ ತಟ್ಟಲಾರದೆ ಗಾಳಿಯಲ್ಲಿ ಕೈಯಾಡಿಸಿದರು.

ಎಲ್ಲರೂ ಮೂಲೆಯ ಇಟಲಿಯವನ ಹೋಟೆಲಿಗೆ ಹೋದೆವು. ಪೈಕ್ ಗ್ಲಾಸೆತ್ತಿ, “ಐರಿಸ್, ಬ್ರೆಡ್ಡು ಈ ಕಡೆ ದಾಟಿಸು,” ಎಂದರು. ದಾಟಿಸಿದೆ.

ಬಡಗಿಗೆ ಹೇಳಿ ಮೈಕಿನ ಕಂಬವನ್ನು ನನ್ನ ಎತ್ತರಕ್ಕೆ ಇಳಿಸಿದೆ. ಆ ಪೆಟ್ಟಿಗೆಯ ಮೇಲೆ ನಿಂತರೆ ಬೀಳುವ ಭಯ. ಮಾತಿನ ಕಡೆ ಗಮನವೇ ಇರುವುದಿಲ್ಲ. ಇಷ್ಟು ದಿನ ಯಾಕೆ ತಡೆದುಕೊಂಡೆನೋ.

ಫೆಬ್ರವರಿ 21, ಭಾನುವಾರ

ಆಸ್ಪತ್ರೆಗೆ ಹೋಗಲಿಲ್ಲ. ನೆಗಡಿ ಇದ್ದವರನ್ನು ಒಳಗೆ ಬಿಡುವುದಿಲ್ಲ. ನನಗೆ ಸ್ವಲ್ಪ ನೆಗಡಿ. ಮಧ್ಯಾಹ್ನ ಪೈಕ್ ಮನೆಯಲ್ಲಿ ಹೊಸ ನಾಟಕದ ಓದು ಇತ್ತು; ಅಲ್ಲಿಗೆ ಹೋಗಿ ಬಂದೆ.

ಆಸ್ಪತ್ರೆಗೆ ಅಪ್ಪನನ್ನು ಕಳಿಸಿದ್ದೆ. ಬಂದವನು ಕೋಟು ಬಿಚ್ಚದೆ ಅಡುಗೆಮನೆಯಲ್ಲಿ ಕೂತ.

“ಹೇಗಿದಾಳೆ?”

“ಇದಾಳೆ.”

“ಏನು ಬರೆದ್ಲು?”

“ಏನೂ ಬರೀಲಿಲ್ಲ. ನನಗೆ ಓದೋಕೆ ಎಲ್ಲಿ ಬರುತ್ತೆ ಅಂದ್ಕೊಂಡ್ಳೋ ಏನೋ. ಕೈ ಹಿಡ್ಕೊಂಡಿದ್ಳು. ಬಿಸಿ ಇತ್ತು ಕೈ.”

ಮಾರ್ಚ್ 7, ಭಾನುವಾರ

ಇದನ್ನು ಹೇಗೆ ಬರೆಯಲಿ ತಿಳಿಯುತ್ತಿಲ್ಲ.

ವಾರ್ಡಿಗೆ ಹೋಗುವ ಮುಂಚೆ ಡಾಕ್ಟರು ಕರೆಸಿದರು. ಎರಡೂ ಶ್ವಾಸಕೋಶ ಹೋಗಿದೆ, ಗಂಟಲು ಮಾಯುತ್ತಿಲ್ಲ, ಪಕ್ಕೆಲುಬಿನ ಆಪರೇಷನ್ ಮಾಡುವ ಹಾಗಿಲ್ಲ. ಒಳ್ಳೆಯ ಮನುಷ್ಯ, ಮಾತಾಡುವಾಗ ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡುತ್ತಿದ್ದರು. “ವಸಂತಕ್ಕೆ ಮನೆಗೆ ಕರ್ಕೊಂಡು ಹೋಗಬಹುದಾ?” ಎಂದೆ. ಅವರು ಕ್ಯಾಪು ಮುಚ್ಚಿ ಪೆನ್ನನ್ನು ಜೇಬಿಗಿಟ್ಟರು. ನಾನು ಎದ್ದು ವಾರ್ಡಿಗೆ ಹೋದೆ.

ಅಕ್ಕನನ್ನು ಒಳಗಿನ ವಾರ್ಡಿಗೆ ತಂದಿದ್ದಾರೆ, ಮಿಸೆಸ್ ಮುಲ್ವೇನಿಯನ್ನೂ ಆ ಸಾಲಿನ ಉಳಿದವರನ್ನೂ ಜೊತೆಗೇ. ಕುತ್ತಿಗೆ ಎಷ್ಟು ಸಣ್ಣಗಾಗಿದೆ! ನನ್ನನ್ನು ಕಂಡು ಸ್ಲೇಟು ಎತ್ತಿಕೊಂಡಳು. ಬರೆಯಲು ಬಹಳ ಹೊತ್ತು ಹಿಡಿಯಿತು. “ಲಿಫ್ಟಿನ ನಾಟಕ. ಅದು ನೀನು ಅಂತ ಮರೆತೇಹೋಗಿದ್ದೆ. ಹೆದರಿದೆ.”

ನಾನು ಎದ್ದು ನಿಂತೆ. ಯೋಚನೆ ಮಾಡಿ ಎದ್ದದ್ದಲ್ಲ. ಮಂಚಗಳ ನಡುವೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ಇವಳೇ ಐರಿಸ್ ಮ್ಯಾಲರಿ. ಆ ಹೆಸರು ಇವಳದು, ಆ ಕೆಲಸ ಇವಳದು. ನಾನು ಇವಳ ತಂಗಿ, ಟೈಪಿಸ್ಟು. ಹೊಸ ವರ್ಷದಿಂದ ಇವಳ ಬದಲು ಮಾತಾಡ್ತಿರೋಳು ನಾನು. ಅವತ್ತು ಹೇಳಬೇಕಿತ್ತು, ಹೇಳಲಿಲ್ಲ.”

ಯಾರೂ ನಗಲಿಲ್ಲ. ಮಿಸೆಸ್ ಮುಲ್ವೇನಿ ದಿಂಬಿನಿಂದ ತಲೆ ಎತ್ತಿ, “ನಂಬೋದು ಹೇಗೆ?” ಎಂದರು. ಆದರೆ ಈ ಸಲ ದನಿ ಮೆತ್ತಗಿತ್ತು.

ಅಕ್ಕ ಕೈ ಚಾಚಿದಳು. ನನ್ನ ಚೀಲದಲ್ಲಿ ಮಂಗಳವಾರದ ನಾಟಕದ ಪ್ರತಿ ಇತ್ತು. ಅದು ಅವಳಿಗೆ ಗೊತ್ತು. “ಬೇಡ ರೂಜಾ,” ಎಂದೆ. ಕೈ ಹಿಂದಕ್ಕೆ ಹೋಗಲಿಲ್ಲ. ವಾರ್ಡಿನ ದೊಡ್ಡ ನರ್ಸು ಮಿಸ್ ಗ್ರೂಬರ್ ಊಟಕ್ಕೆ ಹೋಗಿದ್ದರು. ಕೊಟ್ಟೆ. ಕೊಟ್ಟವಳು ನಾನೇ.

ಕಡಲ ದಂಡೆಯ ಒಂಟಿ ಮನೆಯ ಕಥೆ ಅದು. ದೋಣಿ ಮುಳುಗಿ ಸತ್ತ ಗಂಡ ಒದ್ದೆ ಕಾಲಲ್ಲಿ ಮೆಟ್ಟಿಲು ಹತ್ತಿ ಬರುತ್ತಾನೆ. ಒಳಗೆ ಹೆಂಡತಿ ಒಬ್ಬಳೇ. ಕೊನೆಗೆ ಬಾಗಿಲು ತಟ್ಟುತ್ತಾನೆ, ಅವಳು ಕಿರುಚುತ್ತಾಳೆ, ಮುಗಿಯಿತು. ಗಂಡನ ಮಾತು ನಾನು ಓದಿದೆ. ಒದ್ದೆ ಹೆಜ್ಜೆಗೆ ಮಂಚದ ಕಂಬಿಯ ಮೇಲೆ ಅಂಗೈ ಬಡಿದೆ. ಹೆಂಡತಿ ಅಕ್ಕ.

ಅವಳಿಗೆ ದನಿಯೇ ಇರಲಿಲ್ಲ. ಬರೀ ಉಸಿರು, ಉಸಿರಿಗೆ ಅಂಟಿಕೊಂಡ ಅಕ್ಷರಗಳು. ಆದರೂ ವಾರ್ಡಿನ ಕೊನೆಯ ಮಂಚದವರೆಗೂ ಕೇಳಿಸಿತು, ಯಾಕೆಂದರೆ ಅಷ್ಟು ಹೊತ್ತು ಅಲ್ಲಿ ಯಾರೂ ಕೆಮ್ಮಲಿಲ್ಲ. ಕೆಮ್ಮುವುದೇ ಬದುಕಾದವರು ಕೆಮ್ಮನ್ನು ಬಾಯಲ್ಲಿ ಹಿಡಿದುಕೊಂಡಿದ್ದರು. ನಾನು ಕೊನೆಯ ಸಲ ಕಂಬಿ ಬಡಿದೆ. ಪುಟದಲ್ಲಿ ‘ಕಿರುಚುತ್ತಾಳೆ’ ಎಂದಿತ್ತು. ನಾನೇ ಟೈಪ್ ಮಾಡಿದ್ದು. ಅಕ್ಕ ಹಾಳೆ ಕೆಳಗಿಟ್ಟಳು. ನಾನಿದ್ದ ಕಡೆಗಲ್ಲ, ವಾರ್ಡಿನ ಬಾಗಿಲ ಕಡೆ ನೋಡಿದಳು.

“ತೆಗೆದೇ ಇದೆ,” ಎಂದಳು. “ಒಳಗೆ ಬಾ. ಎಷ್ಟು ಹೊತ್ತು ಮಾಡಿದೆ.”

ನಾವೆಲ್ಲ ಬಾಗಿಲ ಕಡೆ ತಿರುಗಿ ನೋಡಿದೆವು.

“ಏಸುವೇ,” ಎಂದು ಮಿಸೆಸ್ ಮುಲ್ವೇನಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಕಂಬಳಿಯನ್ನು ಗದ್ದದವರೆಗೆ ಎಳೆದುಕೊಂಡರು. ಆಮೇಲೆ, “ತಪ್ಪಾಯ್ತು ಮಿಸ್ ಮ್ಯಾಲರಿ,” ಎಂದರು.

ಅಕ್ಕ ಬೆವರಿದ್ದಳು. ಮುಖದಲ್ಲಿ ಎಂಥ ಸಂತೋಷ! ಹೊಸ ನಾಟಕ ಮುಗಿಸಿ ಹಸಿದು ಮನೆಗೆ ಬರುತ್ತಿದ್ದಾಗ ಇರುತ್ತಿದ್ದ ಮುಖ.

ಮಾರ್ಚ್ 9, ಮಂಗಳವಾರ

ಇವತ್ತು ಅದೇ ನಾಟಕ. ಬಾಗಿಲು ತಟ್ಟಿದ ಸದ್ದಾಯಿತು. ನಾನು ಕಿರುಚಲಿಲ್ಲ. ಅಕ್ಕ ಹೇಳಿದ ಹಾಗೇ ಹೇಳಿದೆ. ಕ್ರಾಂಡಲ್ ಪಾಲಿಶ್ ಜಾಹೀರಾತು ಓದಲು ಬಾಯಿ ತೆರೆದವನು ಬಾಗಿಲ ಕಡೆ ತಿರುಗಿ ನೋಡಿದ.

ಮುಗಿದ ಮೇಲೆ ಪೈಕ್ ಹೊರಗೆ ಬಂದರು. “ಕಿರುಚಾಟ ಎಲ್ಲಿ?”

“ಅಲ್ಲಿ ಬೇಕಾಗಿರಲಿಲ್ಲ ಸಾರ್.”

“ಬೇಕಾಗಿರಲಿಲ್ಲ ಅಂತ ನನಗೂ ಗೊತ್ತಾಯ್ತು. ಈಗ ಫೋನಲ್ಲಿ ಕಂಪನಿಯೋರು ಬಡ್ಕೋತಿದಾರಲ್ಲ, ಅವರಿಗೆ ಹೇಳು. ಪಿಸುಮಾತಿಂದ ಪಾಲಿಶ್ ಖರ್ಚಾಗಲ್ವಂತೆ. ಇನ್ನೊಂದು ಸಲ ಹೀಗಾದ್ರೆ ನಾನು ನಿನ್ನ ಪರ ನಿಲ್ಲೋಕಾಗಲ್ಲ.”

ನನಗೆ ಭಯವಾಗಲಿಲ್ಲ. ಆ ಹೊತ್ತಿಗೆ ಅವಳು ಕಿವಿ-ಫೋನು ಹಾಕಿಕೊಂಡಿದ್ದಳು ಎಂಬುದಷ್ಟೇ ತಲೆಯಲ್ಲಿತ್ತು.

ಮಾರ್ಚ್ 14, ಭಾನುವಾರ

ಶುಕ್ರವಾರ ಕೆಳಗಿನ ದಿನಸಿ ಅಂಗಡಿಗೆ ಆಸ್ಪತ್ರೆಯಿಂದ ಫೋನು ಬಂತು. ರಕ್ತ. ತುಂಬಾ ರಕ್ತ.

ಇವತ್ತು ಒಳಗೆ ಬಿಟ್ಟರು. ಮಂಚದ ಸುತ್ತ ಪರದೆ. ಅವಳು ಎಚ್ಚರವಾಗಿಯೇ ಇದ್ದಳು. ಸ್ಲೇಟು ಎತ್ತಲು ಶಕ್ತಿಯಿಲ್ಲ. ನಾನು ಹಿಡಿದೆ, ಅವಳು ಬರೆದಳು. “ಕಳ್ಳಿ. ನನ್ನ ಮಾತು ಕದ್ದೆ.” ಒರೆಸಲು ಸನ್ನೆ ಮಾಡಿದಳು. ಒರೆಸಿದೆ. “ನನಗಿಂತ ಚೆನ್ನಾಗಿ ಹೇಳಿದೆ.”

“ಸುಳ್ಳು ಬರೀಬೇಡ.”

ತುಟಿಯಲ್ಲೇ ನಕ್ಕಳು.

ಹೊರಗೆ ಮಿಸ್ ಗ್ರೂಬರ್ ನಿಂತಿದ್ದರು. ಎತ್ತರದ ಹೆಂಗಸು, ಮುಖದಲ್ಲಿ ಯಾವತ್ತೂ ಏನೂ ಕಾಣುವುದಿಲ್ಲ.

“ಹೋದ ಭಾನುವಾರ ಅವಳ ಕೈಲಿ ಯಾರು ಮಾತಾಡಿಸಿದ್ದು? ಸೋಮವಾರದಿಂದ ಜ್ವರ ಇಳಿದೇ ಇಲ್ಲ.”

“ನಾನು.”

“ವಾರ್ಡಿನವರು ಯಾರೂ ಬಾಯಿ ಬಿಡಲಿಲ್ಲ. ಆ ಮುಲ್ವೇನಿಯಂತೂ ನಂಗೇನೂ ಕೇಳಿಸಲೇ ಇಲ್ಲ ಅಂತಾಳೆ.”

“ಅದರಿಂದಾನೇ ಹೀಗಾಯ್ತಾ, ಸಿಸ್ಟರ್?”

ಅವರು ಪರದೆಯ ಅಂಚನ್ನು ಎಳೆದು ಸರಿಮಾಡಿದರು. “ಈ ಕಾಯಿಲೆ ಒಂದು ಭಾನುವಾರಕ್ಕಾಗಿ ಕಾದು ಕೂತಿರಲ್ಲ. ಆದರೆ ಅಲ್ಲ ಅಂತ ನನ್ನ ಬಾಯಲ್ಲಿ ಹೇಳಿಸ್ಕೊಂಡು ಹಗುರ ಆಗ್ಬೇಕು ಅಂತ ಬಂದಿದ್ರೆ, ಅದನ್ನ ನಾನು ಹೇಳಲ್ಲ. ನನಗೆ ಗೊತ್ತಿಲ್ಲ.”

ಟ್ರಾಮಿನಲ್ಲಿ ಎದುರಿಗೆ ಕೂತ ಹೆಂಗಸು ನನಗೆ ಕರವಸ್ತ್ರ ಕೊಟ್ಟಳು. ತೆಗೆದುಕೊಂಡೆ. ಹಿಂತಿರುಗಿ ಕೊಡುವುದು ಮರೆತುಹೋಯಿತು.

ಮಾರ್ಚ್ 23, ಮಂಗಳವಾರ

ಹೋಗಿ ಕಿರುಚಿ ಬಂದೆ.

ಮಾರ್ಚ್ 28, ಈಸ್ಟರ್ ಭಾನುವಾರ

ನಿನ್ನೆ ಬೆಳಿಗ್ಗೆ ರೂಜಾ ಹೋದಳು. ನಾವು ತಲುಪುವ ಹೊತ್ತಿಗೆ ಮುಖ ಒರೆಸಿ ಕೂದಲು ಬಾಚಿದ್ದರು. ಬೈತಲೆ ತಪ್ಪು ಕಡೆ ತೆಗೆದಿದ್ದರು. ಅಪ್ಪ ತನ್ನ ಬಾಚಣಿಗೆಯಿಂದ ಸರಿ ಮಾಡಿದ.

ಮಾರ್ಚ್ 30, ಮಂಗಳವಾರ

ನಮ್ಮವರ ಸ್ಮಶಾನದಲ್ಲಿ ಅಮ್ಮನ ಪಕ್ಕದಲ್ಲಿ ಮಣ್ಣು ಮಾಡಿದೆವು. ನೆಲ ಮೇಲೆ ಕೆಸರು, ಒಳಗಿನ್ನೂ ಹೆಪ್ಪುಗಟ್ಟಿತ್ತು. ಅಗೆಯುವವರು ಬೈದುಕೊಂಡು ಅಗೆದರು. ಪೈಕ್ ಬಂದು ಹಿಂದೆ ನಿಂತಿದ್ದರು. “ಇವತ್ತು ನೀನು ಬರಬೇಡ, ಬೇರೆ ಯಾರನ್ನಾದ್ರೂ ನಿಲ್ಲಿಸ್ತೀನಿ,” ಎಂದು ಹೇಳಿ ಹೋದರು.

ಸಂಜೆ ಮನೆ ತುಂಬ ಜನ. ಕೋಟು ಕಾರ್ಖಾನೆಯಲ್ಲಿ ಅಪ್ಪನ ಜೊತೆ ಇಸ್ತ್ರಿ ಮಾಡುವವರು, ಚರ್ಚಿನ ಹೆಂಗಸರು. ಸೂಪು, ರೈ ಬ್ರೆಡ್ಡು, ಸತ್ತವರ ಬಗ್ಗೆ ಆಡುವ ಮೆಲುಮಾತು. ಎಂಟು ಗಂಟೆ ಹತ್ತಿರವಾಗುತ್ತಿದ್ದಂತೆ ಅಪ್ಪ ತಟ್ಟೆ ಪಕ್ಕಕ್ಕಿಟ್ಟು ಎದ್ದ. ಇಸ್ಪೀಟಿಗೆ ಹೊರಟನೇನೋ, ಇವತ್ತೂ ಹೋಗುತ್ತಾನಾ ಎಂದು ನನಗೆ ಮೈ ಉರಿಯಿತು. ಅವನು ಹೋಗಿ ರೇಡಿಯೊ ಹಾಕಿದ.

“ಯೋಸೆಫ್, ಮಣ್ಣು ಮಾಡಿದ ದಿನ ಇದೇನಿದು?” ಎಂದಳು ಒಬ್ಬ ಮುದುಕಿ.

ಅವನು ಕೇಳಿಸಿಕೊಳ್ಳಲಿಲ್ಲ. ರೇಡಿಯೊಗೆ ಹತ್ತಿರ ಬಗ್ಗಿ ಎರಡೂ ಕೈ ಮೊಣಕಾಲ ಮೇಲಿಟ್ಟು ನಿಂತಿದ್ದ. ಗಾಳಿಯ ಸದ್ದು, ಆರ್ಗನ್ನು, ಆಮೇಲೆ ಕ್ರಾಂಡಲ್: “ಇಂದು ನಿಮ್ಮ ಮುಂದೆ, ಐರಿಸ್ ಮ್ಯಾಲರಿ.”

ಅಪ್ಪ ಆರಿಸಿದ. ಬಂದು ಕೂತು ಸೂಪು ಕುಡಿದ.

ಏಪ್ರಿಲ್ 5, ಸೋಮವಾರ

ಪೈಕ್ ಕರೆಸಿ ಬಾಗಿಲು ಹಾಕಿದರು. ಕುರ್ಚಿ ತೋರಿಸಿದರು.

“ಒಂದು ವಿಷಯ. ಕಂಪನಿಯೋರ ಜೊತೆ ಮೂರು ದಿನದಿಂದ ಗುದ್ದಾಡ್ತಿದೀನಿ. ಅವರಿಗೆ ಐರಿಸ್ ಮ್ಯಾಲರಿ ಬಿಡೋಕೆ ಇಷ್ಟ ಇಲ್ಲ. ಸತ್ತೋಳ ಹೆಸರಲ್ಲಿ ಬದುಕಿರೋಳ ಕೈಲಿ ಕೆಲಸ ಮಾಡಿಸೋದು ಪಾಪ ಕಣ್ರಯ್ಯ ಅಂದೆ. ಕೊನೆಗೆ ಒಪ್ಪಿದರು. ನಾಳೆಯಿಂದ ನಿನ್ನ ಹೆಸರು. ಪೂರ್ತಿ ಹೆಸರು ಕ್ರಾಂಡಲ್ ನಾಲಿಗೆಗೆ ಆಗಲ್ಲ. ಹೆಡಾ ಕೋಬ್. ಹೇಗಿದೆ?”

ಚೆನ್ನಾಗಿದೆ ಎಂದೆ. ನಿಜವಾಗಿಯೂ ಚೆನ್ನಾಗಿದೆ. ಟ್ರಾಮಿನಲ್ಲಿ ಕೂತು ತುಟಿಯೊಳಗೇ ಹೇಳಿಕೊಂಡೆ. ಇಂದು ನಿಮ್ಮ ಮುಂದೆ, ಹೆಡಾ ಕೋಬ್. ಅಕ್ಕ ಹೋಗಿ ಹತ್ತು ದಿನವೂ ಆಗಿಲ್ಲ, ನಾನು ಟ್ರಾಮಿನಲ್ಲಿ ನಗುತ್ತಿದ್ದೆ. ಹೆಡಾ ಕೋಬ್. ಇಲ್ಲಿ ಇನ್ನೊಂದು ಸಲ ಬರೆಯುತ್ತೇನೆ, ಯಾರೂ ಓದುವುದಿಲ್ಲವಲ್ಲ. ಹೆಡಾ ಕೋಬ್.

ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಖುಷಿಪಡುತ್ತಾನೆ ಎಂದುಕೊಂಡಿದ್ದೆ. ಅವನು ಬ್ರೆಡ್ಡು ಕೊಯ್ಯುತ್ತಿದ್ದವನು ಚಾಕು ಕೆಳಗಿಟ್ಟ.

“ಹಾಗಾದ್ರೆ ಅದನ್ನ ಹೇಳೋದು ನಿಲ್ಲಿಸ್ತಾರಾ?”

“ಯಾವುದನ್ನ?”

“ಅವಳು ಇಟ್ಕೊಂಡಿದ್ದನ್ನ.”

“ಹೂಂ ಅಪ್ಪ. ಅವಳಿಲ್ಲವಲ್ಲ.”

ಸ್ವಲ್ಪ ಹೊತ್ತು ಮೇಜಿನ ಮೇಲಿನ ಚೂರುಗಳನ್ನು ಬೆರಳಲ್ಲಿ ಒಟ್ಟುಮಾಡುತ್ತಿದ್ದ. “ಆ ಹೆಸರು ನನಗೆ ಒಂದು ದಿನಾನೂ ಹಿಡಿಸ್ಲಿಲ್ಲ. ಅವಳೆದುರಿಗೆ ಒಂದು ಸಲಾನೂ ಬಾಯಲ್ಲಿ ತರಲಿಲ್ಲ. ಅಪ್ಪ, ಒಂದ್ಸಲ ಅನ್ನು ನೋಡೋಣ ಅಂತ ಚಿಕ್ಕ ಮಗು ಥರ ಕಾಡ್ತಿದ್ಳು. ಅನ್ನಲಿಲ್ಲ.” ಚೂರುಗಳನ್ನು ಅಂಗೈಗೆ ತುಂಬಿಕೊಂಡ. “ಈಗ ಕಾರ್ಖಾನೇಲಿ ನನ್ನೆದುರಿಗೆ ಅವಳ ಸುದ್ದಿ ಎತ್ತಲ್ಲ. ಬೀದೀಲೂ ಎತ್ತಲ್ಲ, ನನಗೆ ದುಃಖ ಆಗುತ್ತಂತೆ. ನೀನೂ ಎತ್ತಲ್ಲ. ಆ ದಪ್ಪ ದನಿಯೋನು ಒಬ್ಬ, ವಾರಕ್ಕೊಂದು ಸಲ, ಊರಿಗೆಲ್ಲ ಕೇಳೋ ಹಾಗೆ ಅನ್ತಾನೆ. ಇದ್ದಾಳೆ ಅನ್ನೋ ಥರ ಅನ್ತಾನೆ.”

ಎದ್ದು ಚೂರುಗಳನ್ನು ಕಿಟಕಿಯಾಚೆ ಗುಬ್ಬಿಗಳಿಗೆ ಹಾಕಿದ. “ನಿನ್ನ ಕೆಲಸ ನಿನಗೆ ದೊಡ್ಡದು ಮಗಳೇ. ನಾನು ಸುಮ್ಮನೆ ಅಂದೆ.”

ಏಪ್ರಿಲ್ 6, ಮಂಗಳವಾರ

ಬೆಳಿಗ್ಗೆಯೇ ಹೋಗಿ ಪೈಕ್‌ಗೆ ಹೇಳಿದೆ, ಹೆಸರು ಹಳೆಯದೇ ಇರಲಿ ಎಂದು.

ಅವರಿಗೆ ಸಿಟ್ಟೇ ಬಂತು. “ತಲೆ ಕೆಟ್ಟಿದೆಯಾ? ನಿನಗೋಸ್ಕರ ನಾನು ಅವರ ಕಾಲು ಹಿಡಿದಿದ್ದಲ್ಲದೆ ಜುಟ್ಟೂ ಹಿಡಿದೆ! ಈಗ ಬೇಡ ಅಂದ್ರೆ ಮತ್ತೆ ಕೇಳೋಕೆ ಹೋಗಲ್ಲ ನಾನು. ಹತ್ತು ವರ್ಷ ಕೆಲಸ ಮಾಡಿದ್ರೂ ನಿನ್ನನ್ನ ಒಂದು ನರಪಿಳ್ಳೆ ಗುರುತು ಹಿಡಿಯಲ್ಲ. ಗೊತ್ತಾಗ್ತಿದೆಯಾ?”

“ಗೊತ್ತಾಗ್ತಿದೆ ಸಾರ್.”

“ಯಾಕೆ ಅಂತಾದ್ರೂ ಹೇಳು.”

“ನಮ್ಮಪ್ಪ ಅದನ್ನ ಕೇಳಿಸ್ಕೋತಾರೆ.”

ಅವರು ಕನ್ನಡಕ ತೆಗೆದು ಒರೆಸಿದರು. ಮೇಜಿನ ಮೇಲಿದ್ದ ಹಾಳೆಯಲ್ಲಿ ಏನನ್ನೋ ಹೊಡೆದುಹಾಕಿ ಮೇಲೆ ಬರೆದರು. “ಹೋಗು. ತಾಲೀಮಿಗೆ ಹೊತ್ತಾಯ್ತು.”

ಎಂಟು ಗಂಟೆಗೆ ಕ್ರಾಂಡಲ್ ಹೇಳಿದ. ಎಂದಿಗಿಂತ ನಿಧಾನವಾಗಿ ಹೇಳಿದನೋ, ನನಗೆ ಹಾಗೆನಿಸಿತೋ. ಈ ಸಲ ಬಾವಿಯೊಳಗೆ ಬೀಳುವ ಹೆಂಗಸು. ಚೆನ್ನಾಗಿ ಬಂತು. ಮುಗಿದ ಮೇಲೆ ಓಲಾಫ್ ಬಂದು ನನ್ನ ಭುಜ ಮುಟ್ಟಿ ಹೋದ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾಡಿರಲಿಲ್ಲ ಎಂದು ಬರೆದರೆ ಜಂಭವಾಗುತ್ತದೆ, ಆದರೆ ಮಾಡಿರಲಿಲ್ಲ.

ಮನೆಗೆ ಬಂದಾಗ ಅಪ್ಪ ಮೇಜಿಗೆ ಕೂತಿದ್ದ. ಭಾನುವಾರ ಚರ್ಚಿಗೆ ಹಾಕುವ ಕಾಲರ್ ಹಾಕಿದ್ದ. ನನ್ನ ಊಟ ಬಿಸಿ ಮಾಡಿಟ್ಟಿದ್ದ.

“ಹೇಳಿದ,” ಎಂದ. “ಐರಿಸ್ ಮ್ಯಾಲರಿ ಅಂತ. ಸ್ಪಷ್ಟವಾಗಿ ಹೇಳಿದ.”

ಆ ಹೆಸರು ಅವನ ಬಾಯಲ್ಲಿ ನಮ್ಮ ಭಾಷೆಯ ಹೆಸರಿನ ಹಾಗೆ ಕೇಳಿಸಿತು. ನಾನು ಚಮಚ ಎತ್ತಿಕೊಂಡೆ. ಕೇಳಬಾರದು ಎಂದುಕೊಂಡರೂ ಕೇಳಿಬಿಟ್ಟೆ. “ಆಮೇಲೆ ನನ್ನದು? ಹೇಗಿತ್ತು ಅಪ್ಪ?”

ಅಪ್ಪ ನನ್ನ ತಟ್ಟೆಗೆ ಇನ್ನೊಂದು ಸೌಟು ಸೂಪು ಹಾಕಿದ.

“ಹೆಸರು ಆಯ್ತು, ಆರಿಸಿಬಿಟ್ಟೆ,” ಎಂದ. “ಇನ್ನೊಬ್ಬ ಮಗಳು ಸಾಯೋದನ್ನ ನಾನು ಯಾಕಮ್ಮ ಕೇಳ್ಲಿ?”